ಕಲಿಸಲಾಗುವುದು

ರಾಯಚೂರು ಜಿಲ್ಲೆಯ ಹತ್ತನೆಯ ತರಗತಿಯ ಮಕ್ಕಳು ಇಂಗ್ಲಿಷ್ ಪತ್ರಿಕೆಯಲ್ಲಿ ಕಳೆದುಕೊಳ್ಳುತ್ತಿರುವ ಅಂಕಗಳ ಪೈಕಿ ಹೆಚ್ಚಿನವು ಪ್ಯಾಸಿವ್ ವಾಯ್ಸ್ ಮತ್ತು ಫ್ಯೂಚರ್ ಟೆನ್ಸ್ ಎಂಬ ಎರಡು ಜಾಗಗಳಲ್ಲೇ ಹೋಗುತ್ತಿವೆ ಎಂಬ ಸಂಗತಿಯನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ಪತ್ತೆಹಚ್ಚಲಾಯಿತು. ಪತ್ತೆಹಚ್ಚಿದವರು ಯಾರು ಎಂಬುದು ವರದಿಯಲ್ಲಿ ಇರಲಿಲ್ಲ. ಕ್ರಮ ಕೈಗೊಳ್ಳಲಾಗುವುದು ಎಂದು ಮಾತ್ರ ಕೊನೆಯ ಪುಟದಲ್ಲಿತ್ತು. ಅದರಂತೆ ಎರಡು ತಿಂಗಳೊಳಗೆ ‘ಜಿಲ್ಲಾ ಆಂಗ್ಲ ವ್ಯಾಕರಣ ಉನ್ನತೀಕರಣ ಘಟಕ’ ಎಂಬ ಹೊಸ ಕಚೇರಿ ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ, ಹತ್ತಿಬೀಜದ ಅಂಗಡಿಯೊಂದರ ಮಹಡಿಯ ಮೇಲೆ ಹುಟ್ಟಿಕೊಂಡಿತು. ಅದರ ಬೋರ್ಡಿನಲ್ಲಿ ಗ್ರಾಮರ್ ಎಂಬ ಇಂಗ್ಲಿಷ್ ಪದದ ಸ್ಪೆಲಿಂಗೇ ತಪ್ಪಾಗಿತ್ತು. ಇದನ್ನು ತಿದ್ದಲಾಗುವುದು ಎಂದು ಉದ್ಘಾಟನೆಯ ದಿನವೇ ಪ್ರಕಟಿಸಲಾಯಿತು.

ಅದೇ ದಿನಗಳಲ್ಲಿ ತಹಮೀನಾ ದೇವದುರ್ಗ ತಾಲ್ಲೂಕಿನ ಬೂದಿಗುಂಡ ಎಂಬ ಹಳ್ಳಿಯ ಪ್ರೌಢಶಾಲೆಯಲ್ಲಿ ಅದೇ ಪ್ಯಾಸಿವ್ ವಾಯ್ಸನ್ನು ಪಾಠ ಮಾಡುತ್ತಿದ್ದಳು. ಮನೆ ಮಾನ್ವಿಯಲ್ಲಿ. ತಾಯಿ ಖಾಸಿಂ ಬೀ ಕಟ್ಟಿಕೊಟ್ಟ ಬುತ್ತಿ ಹಿಡಿದು ದಿನವೂ ಎರಡು ಬಸ್ಸು ಬದಲಿಸಿ ಹೋಗಿಬಂದು ಹನ್ನೊಂದು ವರ್ಷವಾಗಿತ್ತು. ಆಕೆಗೆ ಒಂದು ಕೆಟ್ಟ ಅಭ್ಯಾಸವಿತ್ತು: ಮಕ್ಕಳಿಗೆ ಅರ್ಥವಾಗುವ ತನಕ ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ. ಇದರಿಂದ ಸಿಲಬಸ್ಸು ಹಿಂದೆ ಬಿದ್ದು ಎರಡು ಸಲ ನೋಟಿಸು ಬಂದಿತ್ತು.

“ಮೂಕಮ್ಮ ರೊಟ್ಟಿ ಬಡದಳು. ಇದು ಆಕ್ಟಿವ್,” ಎಂದಳು ತಹಮೀನಾ ಒಂದು ದಿನ. “ರೊಟ್ಟಿ ಮೂಕಮ್ಮನಿಂದ ಬಡಿಯಲ್ಪಟ್ಟಿತು. ಇದು ಪ್ಯಾಸಿವ್.”

ನಲವತ್ತೆರಡು ಮಕ್ಕಳೂ ಬಿದ್ದು ಬಿದ್ದು ನಕ್ಕರು. ಮೂಕಮ್ಮ ಅದೇ ತರಗತಿಯ ಹುಡುಗಿ. ಹತ್ತಿ ಬಿಡಿಸುವ ಕಾಲ ಬಂದರೆ ವಾರದಲ್ಲಿ ಮೂರು ದಿನ ಶಾಲೆ, ಮೂರು ದಿನ ಹೊಲ. ಬಂದ ದಿನ ಮಾತ್ರ ಪ್ರಶ್ನೆ ಕೇಳದೆ ಕೂರುವವಳಲ್ಲ. ಎದ್ದು ನಿಂತಳು.

“ಟೀಚರ್, ಹಂಗ ಯಾರು ಮಾತಾಡ್ತಾರ್ರೀ?”

“ಮನ್ಯಾಗ ಯಾರೂ ಮಾತಾಡಂಗಿಲ್ಲ. ಆಫೀಸಿನಾಗ ಮಾತಾಡ್ತಾರ.”

“ಯಾಕ್ರಿ?”

“ರೊಟ್ಟಿ ಸೀದು ಹೋತು ಅಂತ ತಿಳ್ಕೋ. ಸೀಯಿಸಿದವರು ಯಾರು ಅಂತ ಹೇಳಾಕ ಮನಸಿಲ್ಲ. ಆವಾಗ ಪ್ಯಾಸಿವ್ ಬೇಕಾಗ್ತದ. ‘ಬೈ ಮೂಕಮ್ಮ’ ಅನ್ನೋದನ್ನ ಹಾಕಿದ್ರೂ ಆತು, ಬಿಟ್ರೂ ಆತು.”

ತರಗತಿಗೆ ಥಟ್ಟನೆ ತಿಳಿಯಿತು. ಆ ತಿಂಗಳ ಕಿರುಪರೀಕ್ಷೆಯಲ್ಲಿ ಮೂವತ್ತೇಳು ಮಕ್ಕಳು ವ್ಯಾಕರಣಕ್ಕೆ ಪೂರ್ತಿ ಅಂಕ ತೆಗೆದರು. ತಹಮೀನಾಳ ಕಷ್ಟ ಶುರುವಾದದ್ದು ಅಲ್ಲಿಂದ. ಅಂಕಪಟ್ಟಿ ಘಟಕದ ಕಣ್ಣಿಗೆ ಬಿದ್ದು, ಹತ್ತೇ ದಿನದಲ್ಲಿ ಆದೇಶ ಬಂತು:

“ಎಲ್ಲಿ ವ್ಯಾಕರಣವು ಚೆನ್ನಾಗಿ ಕಲಿಸಲ್ಪಡುತ್ತಿದೆಯೋ ಅಲ್ಲಿ ಮಕ್ಕಳು ಈಗಾಗಲೇ ಕಲಿತಿರುವುದರಿಂದ ಶಿಕ್ಷಕರ ಅಗತ್ಯ ಇರುವುದಿಲ್ಲ. ಎಲ್ಲಿ ಕಲಿಸಲ್ಪಡುತ್ತಿಲ್ಲವೋ ಅಲ್ಲಿ ಶಿಕ್ಷಕರೇ ಇಲ್ಲದಿರುವುದರಿಂದ ಅಲ್ಲಿಂದ ಯಾರನ್ನೂ ಕರೆಸಿಕೊಳ್ಳಲು ಬರುವುದಿಲ್ಲ. ಆದಕಾರಣ ಸದರಿ ಶಿಕ್ಷಕಿಯನ್ನು ಹದಿನೈದು ದಿನಗಳ ಮಟ್ಟಿಗೆ ಘಟಕಕ್ಕೆ ನಿಯೋಜಿಸಲಾಗಿದೆ.”

ಪ್ರಭಾರ ಮುಖ್ಯಗುರು ವಲಿ ಪಾಷಾ ಅದನ್ನು ಮೂರು ಸಲ ಓದಿದರು. ಮೂರು ಸಲವೂ ಅದು ಸರಿಯಾಗಿಯೇ ಇತ್ತು. “ಹದಿನೈದು ದಿನ ಅಲ್ರಿ ಮೇಡಂ, ಹೋಗಿ ಬರ್ರಿ. ಅಲ್ಲೀತನಕ ಡ್ರಿಲ್ ಮಾಸ್ತರ್ರು ಇಂಗ್ಲಿಷ್ ನೋಡ್ಕೋತಾರ,” ಎಂದರು. ಡ್ರಿಲ್ ಮಾಸ್ತರರು ಮಾತಿಗೆ ತಪ್ಪಲಿಲ್ಲ. ದಿನಕ್ಕೊಂದು ಪಿರಿಯಡ್ ಪಠ್ಯಪುಸ್ತಕವನ್ನು ತೆರೆದಿಟ್ಟುಕೊಂಡು ನೋಡುತ್ತಲೇ ಇದ್ದರು.

ಘಟಕದಲ್ಲಿ ಆಗಲೇ ಇಪ್ಪತ್ತೆರಡು ಮಂದಿ ಇಂಗ್ಲಿಷ್ ಶಿಕ್ಷಕರು ಕೂತಿದ್ದರು. ತಹಮೀನಾ ಇಪ್ಪತ್ತಮೂರನೆಯವಳು. ಮಕ್ಕಳು ಒಬ್ಬರೂ ಇರಲಿಲ್ಲ. ವಿಶೇಷಾಧಿಕಾರಿ ಅಂಬರೀಶ ಸಾಹೇಬರು ಇದನ್ನು ಅನುಕೂಲವೆಂದೇ ಭಾವಿಸಿದ್ದರು. ಮಕ್ಕಳಿದ್ದರೆ ಗದ್ದಲವಾಗುತ್ತದೆ, ಗದ್ದಲದಲ್ಲಿ ಶೈಕ್ಷಣಿಕ ಯೋಜನೆ ರೂಪಿಸಲು ಆಗುವುದಿಲ್ಲ ಎಂದು ಸ್ವಾಗತ ಭಾಷಣದಲ್ಲಿ ವಿವರಿಸಿದರು. ಜಿಲ್ಲೆಗೆ ವ್ಯಾಕರಣ ಹಂಚುವ ಮೊದಲು ಘಟಕದ ಸಿಬ್ಬಂದಿಯೇ ಅದನ್ನು ಕಲಿಯತಕ್ಕದ್ದು ಎಂದು ತೀರ್ಮಾನವಾಯಿತು. ಕಲಿಸುವ ಕೆಲಸ ತಹಮೀನಾಳ ಪಾಲಿಗೆ ಬಂತು.

ಮೊದಲ ಸಾಲಿನಲ್ಲಿ ಸೂಪರಿಂಟೆಂಡೆಂಟ್ ಶರಣಯ್ಯನವರು ಕೂತರು. ಹಣೆ ತುಂಬ ವಿಭೂತಿ, ಬೆನ್ನಿಗೆ ಮೂವತ್ತೊಂದು ವರ್ಷದ ಸೇವೆ. ತಹಮೀನಾ ಬೋರ್ಡಿನ ಮೇಲೆ ಆರು ವಾಕ್ಯ ಬರೆದು ತಿರುಗುವಷ್ಟರಲ್ಲಿ ಅವರು ಆರನ್ನೂ ಪ್ಯಾಸಿವ್ ಮಾಡಿ ಪೆನ್ನಿನ ಟೋಪಿ ಹಾಕಿಯಾಗಿತ್ತು. ಒಂದೂ ತಪ್ಪಿರಲಿಲ್ಲ.

“ಎಲ್ಲಿ ಕಲ್ತ್ರಿ ಸರ್?”

“ಕಲಿಯೋದೇನದ ಮೇಡಂ? ಮೂವತ್ತು ವರ್ಷದಿಂದ ಇದರಾಗ ಜೀವನಾ ಮಾಡಾಕತ್ತೀವಿ. ಇಂಗ್ಲಿಷಿನಾಗ ಇದಕ್ಕ ಏನಂತಾರ ಅನ್ನೋದು ಗೊತ್ತಿರಲಿಲ್ಲ, ಅಷ್ಟ.”

ಹಾಗಾದರೆ ಉಲ್ಟಾ ಮಾಡಿಸೋಣವೆಂದು ತಹಮೀನಾ ‘ದ ಫೈಲ್ ವಾಸ್ ಲಾಸ್ಟ್’ ಎಂದು ಬರೆದಳು. ಕಡತ ಕಳೆಯಲ್ಪಟ್ಟಿತು. ಇದನ್ನು ಆಕ್ಟಿವ್ ಮಾಡಬೇಕು, ಅಂದರೆ ಯಾರು ಕಳೆದರು ಎಂಬುದನ್ನು ಮುಂದೆ ತರಬೇಕು. ಶರಣಯ್ಯ ಬೋರ್ಡು ನೋಡಿದರು, ಫ್ಯಾನು ನೋಡಿದರು. ಕಾಲು ಗಂಟೆಯಾಯಿತು. ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.

“ಸರ್, ಯಾರದರೆ ಒಂದು ಹೆಸರು ಹಾಕ್ರಿ. ನಿಮ್ಮ ಹೆಸರ ಹಾಕ್ರಿ ಬೇಕಾದ್ರ. ಬರೇ ವ್ಯಾಕರಣ ಅಲ್ಲೇನ್ರಿ?”

ಶರಣಯ್ಯ ಎದ್ದೇ ನಿಂತರು. “ಹೆಸರಾ? ಹೆಸರು ಹಾಕಿದ್ರ ಎನ್‌ಕ್ವಾಯರಿ ಆಗ್ತದ ಮೇಡಂ! ರಿಟೈರ್‌ಮೆಂಟಿಗೆ ಎರಡ ವರ್ಷ ಉಳದಾವ. ನನ್ನ ಕೈಲೆ ಆಗಂಗಿಲ್ಲ.”

ಉಳಿದ ಗುಮಾಸ್ತರೂ ಒಬ್ಬೊಬ್ಬರಾಗಿ ಕೈ ಮುಗಿದರು. ಆಕ್ಟಿವ್ ವಾಯ್ಸು ಸಿಬ್ಬಂದಿಯ ಮನೋಬಲಕ್ಕೆ ಧಕ್ಕೆ ತರುತ್ತಿದೆ ಎಂದು ಅದೇ ಸಂಜೆ ಅಂಬರೀಶ ಸಾಹೇಬರಿಗೆ ವರದಿ ಹೋಯಿತು. ಮರುದಿನ ಸುತ್ತೋಲೆ ಹೊರಬಿತ್ತು:

“ಘಟಕದ ಆವರಣದಲ್ಲಿ ಇನ್ನು ಮುಂದೆ ಯಾವುದೇ ಕೆಲಸವನ್ನು ಯಾರೂ ಮಾಡತಕ್ಕದ್ದಲ್ಲ, ಕೆಲಸಗಳು ಮಾಡಲ್ಪಡತಕ್ಕದ್ದು. ಫ್ಯೂಚರ್ ಟೆನ್ಸು ರೂಢಿಯಾಗುವ ಸಲುವಾಗಿ ಹಾಜರಿ ಪುಸ್ತಕದಲ್ಲಿ ‘ಹಾಜರಾಗಲಾಗುವುದು’ ಎಂದು ಬರೆದು ಸಹಿ ಮಾಡತಕ್ಕದ್ದು. ಕ್ಷೇತ್ರಕಾರ್ಯಕ್ಕೆ ಹೋಗುವವರು ಮುಂದಿನ ದಿನಗಳ ಹಾಜರಿಯನ್ನು ಮೊದಲೇ ಬರೆದು ಹೋಗಬಹುದು.”

ಸುತ್ತೋಲೆಯ ಮೊದಲ ಫಲ ಜವಾನ ಲಾಲ್ ಸಾಬ್‌ನಿಂದ ದೊರೆಯಿತು. ಮೊದಲೆಲ್ಲ ಕೇಳಿದ ಐದೇ ನಿಮಿಷದಲ್ಲಿ ಚಹಾ ತರುತ್ತಿದ್ದ ಆತ, “ಚಾ ತರಲಾಗುವುದು,” ಎಂದು ಹೇಳಿ ಮೆಟ್ಟಿಲಿಳಿದು ಹೋದವನು ಮರುದಿನ ಹನ್ನೊಂದಕ್ಕೆ ಬಂದ. ಯಾರಿಂದ, ಯಾವಾಗ ಎಂಬುದು ವಾಕ್ಯದಲ್ಲಿ ಇಲ್ಲವಾದ್ದರಿಂದ ಯಾರೂ ಆತನನ್ನು ಬೈಯುವಂತಿರಲಿಲ್ಲ. ಅಂಬರೀಶ ಸಾಹೇಬರು ಒಂದು ವಾರದ ಹಾಜರಿ ಮೊದಲೇ ಬರೆದು, ಮಗಳ ಮದುವೆಯ ಜವಳಿ ತರುವ ಕ್ಷೇತ್ರಕಾರ್ಯಕ್ಕೆ ಹೈದರಾಬಾದಿಗೆ ಹೋದರು. ಜಿಲ್ಲೆಯ ಶಾಲೆಗಳಿಗೆ ನಮೂನೆಯೊಂದನ್ನು ಕಳಿಸಲಾಯಿತು. ಅದರಲ್ಲಿ ಎರಡೇ ಕಾಲಂ: ‘ಕಲಿಸಲಾಗಿದೆ’ ಮತ್ತು ‘ಕಲಿಸಲಾಗುವುದು’. ಎರಡನ್ನೂ ಕೂಡಿಸಿ ಸಾಧನೆ ಎಂದು ಪರಿಗಣಿಸಲಾಗುವುದೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಡಿಸೆಂಬರಿನ ಕೊನೆಯ ಹೊತ್ತಿಗೆ ಸಾಧನೆ ನೂರಕ್ಕೆ ತೊಂಬತ್ತಾರು ಮುಟ್ಟಿತು. ಉಳಿದ ನಾಲ್ಕು, ನಮೂನೆ ತಲುಪದ ಶಾಲೆಗಳು.

ತಹಮೀನಾಳ ಹದಿನೈದು ದಿನ ಮುಗಿದು ಮತ್ತೆ ಹದಿನೈದು ದಿನ ಆಯಿತು, ಅದು ಮುಗಿದು ‘ಮುಂದಿನ ಆದೇಶದವರೆಗೆ’ ಆಯಿತು. ಒಂದು ಮಧ್ಯಾಹ್ನ ವಲಿ ಪಾಷಾ ಫೋನು ಮಾಡಿದರು.

“ಮೇಡಂ, ಡ್ರಿಲ್ ಮಾಸ್ತರ್ರಿಗೆ ಪುಸ್ತಕ ನೋಡಿ ನೋಡಿ ಸಾಕಾಗಿ ಇಂಗ್ಲಿಷ್ ಪಿರಿಯಡ್‌ನ್ಯಾಗ ಖೊಖೊ ಆಡಸಾಕತ್ತಾರ. ಮಾರ್ಚಿಗೆ ಪರೀಕ್ಷಾ. ಮೂಕಮ್ಮ ನಾಕ ದಿನ ಆತು ಬಂದಿಲ್ಲ. ಹೆಂಗೂ ಇಂಗ್ಲಿಷಿನಾಗ ನಪಾಸ ಆಗ್ತಾಳ, ಹತ್ತಿ ಬಿಡಸಾಕರೆ ಬರಲಿ ಅಂತ ಅವರವ್ವ ಬಸವಂತಮ್ಮ ಅಂದಳಂತ. ಫೆಬ್ರುವರಿಗೆ ಮದುವಿ ಮಾತೂ ನಡದದ ಅಂತ ಕೇಳಾಕತ್ತೀನಿ.”

ತಹಮೀನಾ ಅರ್ಜಿ ಬರೆದುಕೊಂಡು ಅಂಬರೀಶ ಸಾಹೇಬರ ಮುಂದೆ ನಿಂತಳು. ಅವರು ಓದಿ, ಅದರ ಮೇಲೆಯೇ ‘ಪರಿಶೀಲಿಸಲಾಗುವುದು’ ಎಂದು ಬರೆದು ತಿರುಗಿ ಕೊಟ್ಟರು.

“ಯಾರು ಪರಿಶೀಲಿಸ್ತಾರ್ರಿ ಸರ್?”

“ಮೇಡಂ, ನೀವ ಕಲಿಸಿದ್ದು. ‘ಬೈ’ ಅನ್ನೋದನ್ನ ಹಾಕಿದ್ರೂ ಆತು, ಬಿಟ್ರೂ ಆತು ಅಂದಿದ್ರಿ. ಬಿಟ್ಟೀವಿ.”

“ಯಾವಾಗ ಅಂತರೆ ಹೇಳ್ರಿ.”

“ಫ್ಯೂಚರ್ ಟೆನ್ಸಿಗೆ ತಾರೀಖು ಕಡ್ಡಾಯ ಇಲ್ಲ ಅಂತನೂ ನೀವ ಹೇಳೀರಿ. ನಾನು ನಿಮ್ಮ ಕ್ಲಾಸಿನಾಗ ಹಿಂದ ಕುಂತು ನೋಟ್ಸ್ ಬರಕೊಂಡೀನಿ, ತೋರಿಸ್ಲಾ?” ಸಾಹೇಬರು ಡ್ರಾಯರ್ ತೆಗೆದು ನೋಟುಬುಕ್ಕು ತೋರಿಸಿದರು. ಆಕೆ ಹೇಳಿದ ಪ್ರತಿ ಮಾತೂ ಅದರಲ್ಲಿ ದುಂಡಗೆ ಬರೆಯಲ್ಪಟ್ಟಿತ್ತು. ಹನ್ನೊಂದು ವರ್ಷದಲ್ಲಿ ಇಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ತಹಮೀನಾ ಕಂಡಿರಲಿಲ್ಲ.

ಮಾನ್ವಿಗೆ ಮರಳಿದಾಗ ಖಾಸಿಂ ಬೀ ಅಕ್ಕಿ ಆರಿಸುತ್ತ ಕೂತಿದ್ದಳು. “ಬಚ್ಚೇ ನೈ ಸೋ ಜಗಾ ಮೇಂ ಕ್ಯಾ ಪಡಾತೀ ಗೇ ತೂ?” ಎಂದು ಕೇಳಿದಳು. ಮಕ್ಕಳೇ ಇಲ್ಲದ ಜಾಗದಲ್ಲಿ ಏನು ಪಾಠ ಮಾಡುತ್ತೀಯೇ ಎಂಬ ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಮಗಳು ಬುತ್ತಿಯ ಡಬ್ಬಿ ಸದ್ದಾಗುವಂತೆ ಬಚ್ಚಲಿಗಿಟ್ಟಳು.

ಜನವರಿಯ ಎರಡನೇ ವಾರ ಘಟಕಕ್ಕೆ ಒಂದು ಪತ್ರ ಬಂತು. ಗೆರೆ ಹೊಡೆದ ಹಾಳೆ, ಇಂಗ್ಲಿಷು, ಕೆಳಗೆ ಮೂಕಮ್ಮನ ಹೆಸರು. ನಾಲ್ಕೇ ವಾಕ್ಯ: ನಮ್ಮ ಟೀಚರ್ ಆಫೀಸಿನವರಿಂದ ಒಯ್ಯಲ್ಪಟ್ಟಿದ್ದಾರೆ. ಯಾವ ಪಾಠವೂ ಕಲಿಸಲ್ಪಡುತ್ತಿಲ್ಲ. ನಾವು ನಪಾಸು ಮಾಡಲ್ಪಡುವೆವು. ನಮ್ಮ ಟೀಚರನ್ನು ನಮಗೆ ಕೊಡಿರಿ.

ಶರಣಯ್ಯ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ತಹಮೀನಾ ಓದಿ ಕಿಟಕಿಯ ಕಡೆ ತಿರುಗಿದಳು. ಅಂಬರೀಶ ಸಾಹೇಬರು ಓದಿ ಕೆಂಪು ಪೆನ್ನು ತರಿಸಿದರು. ಮೊದಲ ಮೂರು ವಾಕ್ಯಗಳಿಗೆ ರೈಟ್ ಹಾಕಿ, ನಾಲ್ಕನೆಯದು ಆಕ್ಟಿವ್ ಆಗಿದ್ದು ಘಟಕದ ಪಠ್ಯಕ್ರಮದ ಹೊರಗಿದೆ ಎಂದು ಹೊಡೆದು ಹಾಕಿದರು.

“ನೋಡ್ರಿ ಮೇಡಂ, ಪ್ಯಾಸಿವ್ ಅದ, ಫ್ಯೂಚರ್ ಅದ. ಟೀಚರ್ ಇಲ್ದನ ಹುಡುಗಿ ಇಷ್ಟು ಬರದಾಳ. ಇದ್ದಿದ್ರ ಕೇಡಾಗ್ತಿತ್ತು.”

“ಸರ್, ಅದು ತಕರಾರು ಅರ್ಜಿ.”

“ವಿಷಯ ಆಮ್ಯಾಲ ನೋಡೋಣು. ವ್ಯಾಕರಣ ಶುದ್ಧ ಅದ.”

ಶಿಕ್ಷಕರನ್ನು ಹಿಂದಕ್ಕೆ ಪಡೆದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಘಟಕಕ್ಕೆ ಮೊದಲ ಲಿಖಿತ ಸಾಕ್ಷ್ಯ ಸಿಕ್ಕಿತು. ತಿಂಗಳ ಕೊನೆಗೆ ಮೂಕಮ್ಮನಿಗೆ ಸನ್ಮಾನ ಏರ್ಪಾಡಾಯಿತು. ಒಂದು ದಿನದ ಕೂಲಿ ಬಿಟ್ಟು ತಾಯಿ, ಮಗಳು ರಾಯಚೂರಿಗೆ ಬಂದರು. ಶಾಲು ಹೊದಿಸಿ ಎರಡು ಮಾತಾಡು ಎಂದಾಗ ಮೂಕಮ್ಮ ಮೈಕು ಹಿಡಿದು, “ನನಗ ಶಾಲು ಬ್ಯಾಡ್ರಿ. ಟೀಚರ್ ಬೇಕು. ಅಲ್ಲೇ ಕುಂತಾರ ನೋಡ್ರಿ, ಕಳಿಸ್ರಿ,” ಎಂದಳು.

ಅಂಬರೀಶ ಸಾಹೇಬರು ಎದ್ದು ಮೈಕು ತೆಗೆದುಕೊಂಡು, “ಶಿಕ್ಷಕಿಯನ್ನು ಒದಗಿಸಲಾಗುವುದು,” ಎಂದರು. ಜೋರು ಚಪ್ಪಾಳೆ ಬಿತ್ತು. ಬಸವಂತಮ್ಮನೂ ತಟ್ಟಿದಳು, ಆಮೇಲೆ ಪಕ್ಕದಲ್ಲಿದ್ದ ತಹಮೀನಾಳನ್ನು, “ಅಂದ್ರ ನಾಳಿಗೆ ಬರ್ತೀರೇನ್ರಿ ಯವ್ವಾ?” ಎಂದು ಕೇಳಿದಳು.

ಸಭೆ ಮುಗಿದ ಮೇಲೆ ಶರಣಯ್ಯ ಆಕೆಯನ್ನು ತಮ್ಮ ಟೇಬಲ್ಲಿಗೆ ಕರೆದರು. “ಆ ಹುಡುಗಿ ಮಾರಿ ನೋಡಾಕ ಆಗಲಿಲ್ಲ ನನಗ. ಕೇಳ್ರಿಲ್ಲೆ. ನಿಮ್ಮನ್ನ ಬಿಡುಗಡಿ ಮಾಡಬೇಕಂದ್ರ ಯಾರರೆ ಸಹಿ ಹಾಕಬೇಕು. ಯಾರೂ ಹಾಕಂಗಿಲ್ಲ, ನಾನೂ ಹಾಕಂಗಿಲ್ಲ. ಆದ್ರ ಸುತ್ತೋಲಿ ಇನ್ನೊಮ್ಮೆ ಓದ್ರಿ.” ಹಾಜರಿ ಪುಸ್ತಕ ತೆಗೆದು ಮುಂದಿಟ್ಟರು. “ಏಪ್ರಿಲ್ ತನಕ ಹಾಳಿ ಖಾಲಿ ಅದಾವ. ಎಲ್ಲಾ ಇವತ್ತ ಬರದು ಹೋಗ್ರಿ.”

ಹನ್ನೊಂದು ವರ್ಷದಲ್ಲಿ ಹಾಜರಿ ಪುಸ್ತಕದಲ್ಲಿ ಒಂದು ನಿಮಿಷ ಹಿಂದುಮುಂದು ಬರೆದವಳಲ್ಲ ತಹಮೀನಾ. “ಇದು ಸುಳ್ಳು ಅಲ್ಲೇನ್ರಿ ಸರ್?”

“ಫ್ಯೂಚರ್ ಟೆನ್ಸಿನಾಗ ಸುಳ್ಳು ಎಲ್ಲಿಂದ ಬರ್ತದ ಮೇಡಂ? ನಡದು ಹೋಗಿದ್ದರ ಮ್ಯಾಲ ಅಷ್ಟ ಸುಳ್ಳು ಹೇಳಾಕ ಬರ್ತದ.”

ಆಕೆ ಬರೆದಳು. ಎಪ್ಪತ್ತಕ್ಕೂ ಮಿಕ್ಕಿ ‘ಹಾಜರಾಗಲಾಗುವುದು’ಗಳನ್ನು ಒಂದೇ ಸಲ ಕೂತು ಬರೆದು ಬೆರಳು ಜಗ್ಗಿಕೊಂಡಳು.

ಮರುದಿನ ಆಕೆ ಬೂದಿಗುಂಡದ ಶಾಲೆಯ ಗೇಟಿನಲ್ಲಿ ಇಳಿದಾಗ ಮಕ್ಕಳು ಕೂಗಿದ ಕೂಗಿಗೆ ವಲಿ ಪಾಷಾ ಹೊರಗೆ ಓಡಿ ಬಂದರು. ಖುಷಿಯಾದ ಮೇಲೆ ಅವರಿಗೆ ಚಿಂತೆಯಾಯಿತು. “ದಾಖಲಿ ಪ್ರಕಾರ ನೀವು ಇಲ್ಲಿ ಇಲ್ಲ. ಪಾಠದ ಡೈರಿಯಾಗ ಯಾರ ಹೆಸರು ಬರೀಲಿ ಮೇಡಂ?”

“ಪಾಠ ಮಾಡಲಾಯಿತು ಅಂತ ಬರೀರಿ ಸರ್. ಸಾಕು.”

ವಲಿ ಪಾಷಾ ಹಾಗೆಯೇ ಬರೆದರು. ಅಲ್ಲಿಂದ ಪರೀಕ್ಷೆಯ ಹಿಂದಿನ ದಿನದವರೆಗೆ ಪ್ರಾರ್ಥನೆಗೆ ಒಂದು ತಾಸು ಮೊದಲು ಮತ್ತು ಶಾಲೆ ಬಿಟ್ಟ ಮೇಲೆ ಒಂದು ತಾಸು ಪಾಠ ಮಾಡಲಾಯಿತು. ಬಸವಂತಮ್ಮನ ಮನೆಗೆ ತಹಮೀನಾ ಮೂರು ಸಲ ಹೋದಳು. ಮೊದಲ ಸಲ ಆಕೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು, ಎರಡನೇ ಸಲ ಕೂಡ್ರಿ ಅಂದಳು, ಮೂರನೇ ಸಲ, “ಪರೀಕ್ಷಾ ಮುಗೀಲಿ ತಗೋರಿ, ಮದುವಿ ಎಲ್ಲಿಗೆ ಓಡಿ ಹೋಗ್ತದ,” ಎಂದು ಚಹಾ ಕೊಟ್ಟಳು. ಮೂಕಮ್ಮ ಹೊಲದಿಂದ ನೇರ ಬಂದು, ಕೂದಲಲ್ಲಿ ಹತ್ತಿಯ ಎಳೆ ಇದ್ದಂತೆಯೇ ಕೂತು ಬರೆಯುತ್ತಿದ್ದಳು. ಅತ್ತ ಘಟಕದಲ್ಲಿ, ಉಳಿದ ಇಪ್ಪತ್ತೆರಡು ಮಂದಿಯೂ ಶರಣಯ್ಯನವರ ಟೇಬಲ್ಲಿನ ಹತ್ತಿರ ಒಬ್ಬೊಬ್ಬರಾಗಿ ಬಂದು, ಹಾಜರಿ ಬರೆದು, ತಂತಮ್ಮ ಶಾಲೆಗೆ ಹೋದರು. ಆ ಎರಡು ತಿಂಗಳು ಘಟಕದ ಹಾಜರಾತಿ ನೂರಕ್ಕೆ ನೂರು ಇತ್ತು. ಅಂಬರೀಶ ಸಾಹೇಬರು ಗದ್ದಲವಿಲ್ಲದ್ದನ್ನು ಮೆಚ್ಚಿಕೊಂಡರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಬೂದಿಗುಂಡದ ನಲವತ್ತೆರಡರಲ್ಲಿ ಮೂವತ್ತೊಂಬತ್ತು ಮಕ್ಕಳು ಇಂಗ್ಲಿಷಿನಲ್ಲಿ ಪಾಸು. ಮೂಕಮ್ಮನಿಗೆ ನೂರಕ್ಕೆ ಎಪ್ಪತ್ತೊಂಬತ್ತು. ಶಿಕ್ಷಕರಿಲ್ಲದ ಶಾಲೆಯೊಂದು ತಾಲ್ಲೂಕಿಗೇ ಮುಂದೆ ಬಂದದ್ದು ಘಟಕದ ಸಾಧನೆಯೆಂದು ದಾಖಲಾಯಿತು. ಇದಕ್ಕೆ ‘ಬೂದಿಗುಂಡ ಮಾದರಿ’ ಎಂದು ಹೆಸರಿಡಲಾಯಿತು. ಜೂನಿನಲ್ಲಿ ಅಂಬರೀಶ ಸಾಹೇಬರೇ ಶರಣಯ್ಯನವರನ್ನು ಕರೆದುಕೊಂಡು ಮಾದರಿಯ ಅಧ್ಯಯನಕ್ಕೆ ಶಾಲೆಗೆ ಬಂದರು.

ತಹಮೀನಾ ಹೊಸ ಹತ್ತನೇ ತರಗತಿಗೆ ಪಾಠ ಮಾಡುತ್ತಿದ್ದಳು. ಬಾಗಿಲಲ್ಲಿ ಸಾಹೇಬರನ್ನು ಕಂಡು ಚಾಕ್‌ಪೀಸು ಕೆಳಗಿಟ್ಟಳು. ಸಾಹೇಬರು ಆಕೆಯ ಗುರುತು ಹಿಡಿದರು.

“ಮೇಡಂ, ನೀವು ನಮ್ಮ ಘಟಕದಾಗ ಇದ್ದೀರಲ್ಲ?”

“ಹೌದ್ರಿ ಸರ್. ಇದ್ದೀನಿ.”

“ಹಾಜರಿ?”

“ಮುಂದಿನ ಮಾರ್ಚ್ ತನಕ ಬರದದ್ರಿ ಸರ್,” ಎಂದರು ಶರಣಯ್ಯ.

“ಛಲೋ ಆತು.” ಸಾಹೇಬರು ನಿರಾಳವಾಗಿ ವಲಿ ಪಾಷಾ ಕಡೆ ತಿರುಗಿದರು. “ಈ ಶಾಲೆಯೊಳಗ ಇಂಗ್ಲಿಷ್ ಶಿಕ್ಷಕರು ಇಲ್ಲ. ಹೌದಲ್ರಿ?”

“ಇಲ್ರಿ ಸರ್.”

“ಮಕ್ಕಳೇ, ಇಂಗ್ಲಿಷ್ ಟೀಚರ್ ಅದಾರೇನು?”

ಮಕ್ಕಳು ತಹಮೀನಾಳ ಮುಖ ನೋಡಿದರು. ಆಮೇಲೆ ಒಂದೇ ದನಿಯಲ್ಲಿ, “ಇಲ್ರೀ ಸರ್!” ಎಂದರು.

ಟಿ.ಸಿ. ತೆಗೆದುಕೊಳ್ಳಲು ಬಂದಿದ್ದ ಮೂಕಮ್ಮ ವರಾಂಡದಲ್ಲಿ ನಿಂತಿದ್ದಳು. ದೇವದುರ್ಗದ ಕಾಲೇಜಿಗೆ ಸೇರುವುದೆಂದು ಮನೆಯಲ್ಲಿ ಗಟ್ಟಿಯಾಗಿತ್ತು. ಸಾಹೇಬರು ಗುರುತು ಹಿಡಿದು ಒಳಗೆ ಕರೆದರು. “ಎಪ್ಪತ್ತೊಂಬತ್ತು ತಗದೀಯಲ್ಲವ್ವಾ, ನಿನಗ ಇಂಗ್ಲಿಷ್ ಯಾರು ಕಲಿಸಿದ್ರು?”

ಮೂಕಮ್ಮ ಟೀಚರನ್ನು ಒಮ್ಮೆ ನೋಡಿ, ಸಾಹೇಬರನ್ನು ನೋಡಿ, ನೆಟ್ಟಗೆ ನಿಂತು ಇಂಗ್ಲಿಷಿನಲ್ಲೇ ಹೇಳಿದಳು: “ಐ ವಾಸ್ ಟಾಟ್, ಸರ್.” ನಾನು ಕಲಿಸಲ್ಪಟ್ಟೆ.

ಸಾಹೇಬರ ಕಣ್ಣು ತುಂಬಿ ಬಂತು. “ಕೇಳಿದ್ರೇನು ಶರಣಯ್ಯನವರ? ಒಂದಕ್ಷರ ತಪ್ಪಿಲ್ಲ.”

ವರದಿಯನ್ನು ಅಲ್ಲೇ ಇಂಗ್ಲಿಷಿನಲ್ಲಿ ಬರೆಯಲಾಯಿತು. ಈ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರು ಕಂಡುಬರಲಿಲ್ಲ, ಅವರ ಅಗತ್ಯವೂ ಕಂಡುಬರಲಿಲ್ಲ, ಮುಂದಿನ ವರ್ಷ ಜಿಲ್ಲೆಯ ಎಲ್ಲ ಇಂಗ್ಲಿಷ್ ಶಿಕ್ಷಕರನ್ನೂ ಘಟಕಕ್ಕೆ ಹಿಂಪಡೆಯಲಾಗುವುದು. ಸಾಕ್ಷಿಗೆ ಇಂಗ್ಲಿಷ್ ಬಲ್ಲವರೊಬ್ಬರ ಸಹಿ ಬೇಕಾಯಿತು. ಸುತ್ತಮುತ್ತ ಬೇರೆ ಯಾರೂ ಇರಲಿಲ್ಲವಾದ್ದರಿಂದ ಹಾಳೆಯನ್ನು ತಹಮೀನಾಳ ಮುಂದಿಡಲಾಯಿತು. ‘ಎಲ್ಲ ಶಿಕ್ಷಕರನ್ನೂ’ ಎಂಬಲ್ಲಿ ಆಕೆಯ ಪೆನ್ನು ನಿಂತಿತು.

“ಹೊಸ ಹಾಜರಿ ಪುಸ್ತಕ ಹತ್ತು ತರಿಸಿಟ್ಟೀನಿ ಮೇಡಂ,” ಎಂದರು ಶರಣಯ್ಯ ಮೆಲ್ಲಗೆ. “ಎಷ್ಟು ಮಂದಿ ಬಂದ್ರೂ ಅವತ್ತ ಬರದು ಊರಿಗೆ ಹೋಗಬಹುದು.”

ತಹಮೀನಾ ವರದಿಯಲ್ಲಿ ಎರಡು ಕಡೆ ಬಿಟ್ಟುಹೋಗಿದ್ದ ‘ದ’ ಎಂಬ ಆರ್ಟಿಕಲ್ ಸೇರಿಸಿದಳು, ಒಂದು ಸ್ಪೆಲಿಂಗು ತಿದ್ದಿದಳು, ಸಹಿ ಹಾಕಿದಳು. ಅಂಬರೀಶ ಸಾಹೇಬರು ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು, “ಪಾಠ ನಿಲ್ಲಸಬ್ಯಾಡ್ರಿ ಮೇಡಂ, ಮಕ್ಕಳ ಹೊತ್ತು ಹಾಳಾಗ್ತದ,” ಎಂದು ಹೇಳಿ ಜೀಪು ಹತ್ತಿದರು.